ಓಪನ್ ಸೋರ್ಸ್‌ಗೆ ಕೊಡೋ ದುಡ್ಡು ದಾನ ಅಲ್ಲ

ನಮ್ಮ ಕಾಲೇಜಿನ ಯಾವ ಬ್ರಾಂಚಿನದ್ದಾದರೂ ಸರಿ, ಕೊನೆಯ ವರ್ಷದ ಒಂದು ಪ್ರಾಜೆಕ್ಟ್ ರಿಪೋರ್ಟ್ ತೆಗೆದು ನೋಡಿ. ಕಂಪ್ಯೂಟರ್ ಸೈನ್ಸ್‌ನವರದ್ದಾದರೆ ಪೈಥಾನ್, ರಿಯಾಕ್ಟ್, ಪೋಸ್ಟ್‌ಗ್ರೆಸ್. ಎಲೆಕ್ಟ್ರಾನಿಕ್ಸ್‌ನವರದ್ದಾದರೆ ಕೈಕ್ಯಾಡ್, ಆರ್ಡುಯಿನೊ. ಮೆಕ್ಯಾನಿಕಲ್‌ನವರದ್ದಾದರೆ ಓಪನ್‌ಫೋಮ್. ಇವುಗಳ ಅಡಿಯಲ್ಲಿ ಎಲ್ಲೋ ಒಂದು ಕಡೆ ಲಿನಕ್ಸ್. ಖರ್ಚಿನ ಪಟ್ಟಿಯಲ್ಲಿ ಸೆನ್ಸರ್‌ಗೆ ಇಷ್ಟು, ಬೋರ್ಡ್‌ಗೆ ಇಷ್ಟು, ಬೈಂಡಿಂಗ್‌ಗೆ ಇಷ್ಟು ಅಂತ ಲೆಕ್ಕ ಇರತ್ತೆ. ಸಾಫ್ಟ್‌ವೇರ್ ಅನ್ನೋ ಸಾಲಿನ ಮುಂದೆ ಮಾತ್ರ ಸೊನ್ನೆ.

ಈ ಸೊನ್ನೆ ಸುಳ್ಳಲ್ಲ. ನಾವು ನಿಜಕ್ಕೂ ಏನೂ ಕೊಟ್ಟಿಲ್ಲ. ಆದರೆ ನಾವು ಕೊಟ್ಟಿಲ್ಲ ಅಂದ ಮಾತ್ರಕ್ಕೆ ಅದಕ್ಕೆ ಖರ್ಚೇ ಇಲ್ಲ ಅಂತ ಆಗಲ್ಲ. ಯಾರೋ ಅದನ್ನ ಬರೆದರು. ಯಾರೋ ಈಗಲೂ ಬಗ್ ಸರಿಮಾಡ್ತಾ ಇದ್ದಾರೆ, ಹೊಸ ವರ್ಷನ್ ಬಿಡ್ತಾ ಇದ್ದಾರೆ, ಸಿಟ್ಟಿನಲ್ಲಿ ಬರೆದ ದೂರುಗಳಿಗೆ ಸಮಾಧಾನದಿಂದ ಉತ್ತರ ಕೊಡ್ತಾ ಇದ್ದಾರೆ. ಅವರಿಗೂ ಮನೆ ಬಾಡಿಗೆ ಇದೆ, ಮಕ್ಕಳ ಸ್ಕೂಲ್ ಫೀಸ್ ಇದೆ. ಆ ದುಡ್ಡು ಎಲ್ಲಿಂದ ಬರತ್ತೆ?

ಕ್ಯಾಂಟೀನಿನಲ್ಲಿ ಕೇಳಿದರೆ ಎರಡು ಉತ್ತರ ಸಿಗತ್ತೆ. ಒಂದು, "ಅವರೆಲ್ಲ ಪ್ಯಾಶನ್‌ಗೆ ಮಾಡ್ತಾರೆ ಮಗಾ." ಇನ್ನೊಂದು, "ಗೂಗಲ್, ಮೈಕ್ರೋಸಾಫ್ಟ್ ಎಲ್ಲಾ ಕೊಡ್ತಾವೆ ಬಿಡು, ನಮಗ್ಯಾಕೆ ಚಿಂತೆ." ಎರಡೂ ಅರ್ಧ ಸತ್ಯ. ದುಡ್ಡು ಇದೆ, ಬರ್ತಾನೂ ಇದೆ. ಆದರೆ ಅದು ಕಣ್ಣಿಗೆ ಕಾಣುವ ಪ್ರಾಜೆಕ್ಟುಗಳ ಕಡೆಗೆ ಹೋಗತ್ತೆ, ಹೊಸ ಫೀಚರುಗಳ ಕಡೆಗೆ ಹೋಗತ್ತೆ, ಇಲ್ಲವೇ ಅನಾಹುತ ಆದಮೇಲೆ ಓಡಿ ಬರತ್ತೆ. ಇದಕ್ಕೆ ಮುಖ್ಯ ಕಾರಣ, ಕೊಡುವವರು ಅದನ್ನ ದಾನ ಅಂತ ನೋಡೋದು. ದಾನ ಅಂದಮೇಲೆ ಮನಸ್ಸಾದಾಗ ಕೊಡಬಹುದು, ಇಲ್ಲದಿದ್ದರೆ ಬಿಡಬಹುದು. ಅದು ರಿಪೇರಿ ಖರ್ಚು, ಕರೆಂಟ್ ಬಿಲ್ಲಿನ ಹಾಗೆ ಕಟ್ಟಲೇಬೇಕಾದ್ದು ಅಂತ ಲೆಕ್ಕದ ಪುಸ್ತಕಕ್ಕೆ ಬರುವವರೆಗೂ ಈ ವ್ಯವಸ್ಥೆ ಸರಿಹೋಗಲ್ಲ ಅನ್ನೋದು ನನ್ನ ಅಭಿಪ್ರಾಯ.

ದುಡ್ಡು ಬರುವ ದಾರಿಗಳು

ಮೊದಲು ದಾರಿಗಳನ್ನು ನೋಡೋಣ. ಅತಿ ದೊಡ್ಡ ದಾರಿ ಅಂದರೆ ಸಂಬಳ. ಲಿನಕ್ಸ್ ಕರ್ನಲ್‌ಗೆ ಕೋಡ್ ಬರೆಯುವವರಲ್ಲಿ ಹೆಚ್ಚಿನವರು ಇಂಟೆಲ್, ರೆಡ್ ಹ್ಯಾಟ್, ಗೂಗಲ್, ಎಎಂಡಿಯಂಥ ಕಂಪನಿಗಳ ನೌಕರರು. ತಮ್ಮ ಚಿಪ್ಪು, ತಮ್ಮ ಸರ್ವರ್, ತಮ್ಮ ಫೋನು ಲಿನಕ್ಸ್‌ನಲ್ಲಿ ಚೆನ್ನಾಗಿ ಓಡಬೇಕು ಅನ್ನೋದು ಕಂಪನಿಗಳ ಸ್ವಾರ್ಥ. ಈ ಸ್ವಾರ್ಥದಿಂದ ನಮಗೂ ಲಾಭವಾಗಿದೆ. ನೀವು ಈ ಲೇಖನವನ್ನು ಆಂಡ್ರಾಯ್ಡ್ ಫೋನಿನಲ್ಲಿ ಓದುತ್ತಿದ್ದರೆ, ‘ಸ್ವಾತಂತ್ರ್ಯ’ ಅನ್ನೋ ಪದದ ಒತ್ತಕ್ಷರಗಳನ್ನು ಅವುಗಳ ಜಾಗದಲ್ಲಿ ಕೂರಿಸಿದ್ದು ಹಾರ್ಫ್‌ಬಜ್ ಅನ್ನುವ ಓಪನ್ ಸೋರ್ಸ್ ಲೈಬ್ರರಿ. ಫೈರ್‌ಫಾಕ್ಸ್, ಕ್ರೋಮ್, ಲಿಬ್ರೆ ಆಫೀಸ್ ಕೂಡ ಇದನ್ನೇ ಬಳಸುತ್ತವೆ. ಅದರ ಮುಖ್ಯ ಕರ್ತೃ ಬೆಹ್ದಾದ್ ಎಸ್ಫಾಬೋದ್ ರೆಡ್ ಹ್ಯಾಟ್‌ನಲ್ಲಿ, ಆಮೇಲೆ ಗೂಗಲ್‌ನಲ್ಲಿ, ಆಮೇಲೆ ಫೇಸ್‌ಬುಕ್‌ನಲ್ಲಿ ಕೆಲಸದಲ್ಲಿದ್ದವರು. ಲೋಹಿತ್ ಕನ್ನಡ ಫಾಂಟಿನ ಹಿಂದೆ ಇದ್ದದ್ದು ರೆಡ್ ಹ್ಯಾಟ್, ನೋಟೋ ಕನ್ನಡದ ಹಿಂದೆ ಗೂಗಲ್. ಕನ್ನಡದ ಮೇಲಿನ ಅಭಿಮಾನದಿಂದ ಯಾರೂ ಇದನ್ನ ಮಾಡಲಿಲ್ಲ. ಆದರೂ ಕನ್ನಡಕ್ಕೆ ಸಿಕ್ಕಿತು.

ಎರಡನೆಯ ದಾರಿ ಲಾಭದ ಉದ್ದೇಶವಿಲ್ಲದ ಫೌಂಡೇಶನ್‌ಗಳು. ಇಲ್ಲಿ ಒಂದು ವಿಷಯ ಗಮನಿಸಬೇಕು, ಫೌಂಡೇಶನ್ ಅಂದರೆ ಎಲ್ಲವೂ ಒಂದೇ ಥರ ಅಲ್ಲ. ಲಿನಕ್ಸ್ ಫೌಂಡೇಶನ್ ಕಂಪನಿಗಳ ಸಂಘ ಇದ್ದ ಹಾಗೆ. ಅದರ ಅತಿ ಮೇಲಿನ ಪ್ಲಾಟಿನಂ ಸದಸ್ಯತ್ವಕ್ಕೆ ವರ್ಷಕ್ಕೆ 5 ಲಕ್ಷ ಡಾಲರ್. ಹೆಸರಿನಲ್ಲಿ ಲಿನಕ್ಸ್ ಇದ್ದರೂ ಅದರ ಬಜೆಟ್ಟಿನಲ್ಲಿ ಕರ್ನಲ್‌ಗೆ ನೇರವಾಗಿ ಹೋಗೋದು ಸಣ್ಣ ಪಾಲು, ಯಾಕಂದ್ರೆ ಕರ್ನಲ್ ಬರೆಯುವವರ ಸಂಬಳ ಹೇಗೂ ಅವರವರ ಕಂಪನಿಗಳೇ ಕೊಡ್ತಾವೆ. 1999ರಲ್ಲಿ ಶುರುವಾದ ಅಪಾಚೆ ಫೌಂಡೇಶನ್ ಇನ್ನೊಂದು ಥರ. ಅದು ಸರ್ವರ್, ಟ್ರೇಡ್‌ಮಾರ್ಕ್, ಕಾನೂನಿನ ಕೆಲಸ ನೋಡಿಕೊಳ್ಳತ್ತೆ, ಆದರೆ ಕೋಡ್ ಬರೆಯೋದಕ್ಕೆ ಯಾರಿಗೂ ಸಂಬಳ ಕೊಡಲ್ಲ. ಪೈಥಾನ್ ಫೌಂಡೇಶನ್ ಬಹಳ ವರ್ಷ ಸಮ್ಮೇಳನ, ಪ್ಯಾಕೇಜುಗಳ ಸರ್ವರ್ ಇಂಥವನ್ನೇ ಮುಖ್ಯವಾಗಿ ನೋಡಿಕೊಂಡಿತ್ತು. ಭಾಷೆಯ ಮೇಲೇ ದಿನಪೂರ್ತಿ ಕೆಲಸ ಮಾಡಲಿ ಅಂತ ಅದು ‘ಡೆವಲಪರ್ ಇನ್ ರೆಸಿಡೆನ್ಸ್’ ಹುದ್ದೆಗೆ ಒಬ್ಬರನ್ನು ತೆಗೆದುಕೊಂಡದ್ದು 2021ರಲ್ಲಿ, ಅದೂ ಗೂಗಲ್ ಕೊಟ್ಟ ಹಣದಿಂದ. ಜಗತ್ತಿನ ಅರ್ಧ ಸಿಲಬಸ್ ಪೈಥಾನ್ ಮೇಲೆ ನಿಂತು ಎಷ್ಟೋ ವರ್ಷ ಆದಮೇಲೆ!

ಮೂರನೆಯದು ವ್ಯಾಪಾರ. ಕೋಡ್ ಪುಕ್ಕಟೆ, ಸಪೋರ್ಟ್‌ಗೆ ದುಡ್ಡು. ರೆಡ್ ಹ್ಯಾಟ್ ಇದನ್ನೇ ಮಾಡಿ ಬೆಳೆದು, 2019ರಲ್ಲಿ 3,400 ಕೋಟಿ ಡಾಲರಿಗೆ ಐಬಿಎಂ ಕೈ ಸೇರಿತು. ಎಲ್ಲರಿಗೂ ಇದು ಕೈಹಿಡಿಯಲ್ಲ. ಕ್ಲೌಡ್ ಕಂಪನಿಗಳು ನಮ್ಮ ಕೋಡನ್ನೇ ಹೋಸ್ಟ್ ಮಾಡಿ ಮಾರಿಕೊಳ್ತಾವೆ, ನಮಗೆ ಏನೂ ಉಳಿಯಲ್ಲ ಅಂತ ಎಲಾಸ್ಟಿಕ್ 2021ರಲ್ಲಿ, ರೆಡಿಸ್ 2024ರಲ್ಲಿ ಲೈಸೆನ್ಸ್ ಬಿಗಿಮಾಡಿದವು. ಅಮೆಜಾನ್ ಎಲಾಸ್ಟಿಕ್‌ನ ಹಳೆಯ ಕೋಡಿನಿಂದ ಓಪನ್‌ಸರ್ಚ್ ಮಾಡಿತು. ರೆಡಿಸ್‌ನಿಂದ ಕವಲೊಡೆದ ವಾಲ್ಕೀ ಲಿನಕ್ಸ್ ಫೌಂಡೇಶನ್ನಿನ ನೆರಳಿಗೆ ಬಂತು. ಆಮೇಲೆ ಎಲಾಸ್ಟಿಕ್, ರೆಡಿಸ್ ಎರಡೂ ಓಪನ್ ಸೋರ್ಸ್ ಲೈಸೆನ್ಸಿನ ಆಯ್ಕೆಯನ್ನು ಮತ್ತೆ ಕೊಟ್ಟವು. ಅಷ್ಟರಲ್ಲಿ ಕವಲುಗಳು ಬೇರು ಬಿಟ್ಟಾಗಿತ್ತು.

ಉಳಿದದ್ದು ದೇಣಿಗೆ ಮತ್ತು ಅನುದಾನ. ಗಿಟ್‌ಹಬ್ ಸ್ಪಾನ್ಸರ್ಸ್ 2019ರಲ್ಲಿ ಶುರುವಾಯಿತು. ಓಪನ್ ಕಲೆಕ್ಟಿವ್ ಇದೆ. ಜರ್ಮನಿಯ ಸರ್ಕಾರ 2022ರಲ್ಲಿ ಸಾವರಿನ್ ಟೆಕ್ ಫಂಡ್ ಶುರು ಮಾಡಿ, ಎಲ್ಲರೂ ಬಳಸುವ ಆದರೆ ಯಾರೂ ಹೆಸರು ಹೇಳದ ಲೈಬ್ರರಿಗಳಿಗೆ ಹಣ ಕೊಡ್ತಾ ಇದೆ. ದುಡ್ಡಿನ ಬದಲು ಜನರ ಸಮಯ ಕೊಡುವವರೂ ಇದ್ದಾರೆ. ನಮ್ಮ ಇಸಿಯವರು ಬಳಸುವ ಕೈಕ್ಯಾಡ್‌ಗೆ ಜಿನೀವಾದ ಸರ್ನ್ ಪ್ರಯೋಗಾಲಯ ಎಷ್ಟೋ ವರ್ಷ ತನ್ನ ಎಂಜಿನಿಯರುಗಳ ಕೆಲಸವನ್ನೇ ಕೊಟ್ಟಿತು.

ಇಷ್ಟೆಲ್ಲ ದಾರಿ ಇದ್ದೂ ಸಮಸ್ಯೆ ಯಾಕೆ?

ಯಾರೂ ಓದದ ಕೋಡು

2014ರ ಏಪ್ರಿಲ್ 7. ಓಪನ್ಎಸ್ಎಸ್ಎಲ್ ಅನ್ನುವ ಲೈಬ್ರರಿಯಲ್ಲಿ ‘ಹಾರ್ಟ್‌ಬ್ಲೀಡ್’ ಅನ್ನುವ ದೋಷ ಇರುವುದು ಬಯಲಾಯಿತು. ಬ್ರೌಸರಿನಲ್ಲಿ ಬೀಗದ ಚಿತ್ರ ನೋಡಿದ್ದೀರಲ್ಲ, ಆ ಬೀಗದ ಹಿಂದಿನ ಕೆಲಸವನ್ನು ಎಷ್ಟೋ ಸರ್ವರುಗಳಲ್ಲಿ ಮಾಡೋದು ಈ ಲೈಬ್ರರಿ. ದೋಷ ಏನಂದ್ರೆ, ಹೊರಗಿನವರು ಸರಿಯಾಗಿ ಕೇಳಿದರೆ ಸರ್ವರ್ ತನ್ನ ಮೆಮೊರಿಯಿಂದ ಒಂದು ಸಲಕ್ಕೆ 64 ಕಿಲೋಬೈಟ್‌ವರೆಗೆ ಕೊಟ್ಟುಬಿಡುತ್ತಿತ್ತು. ಅದರಲ್ಲಿ ಪಾಸ್‌ವರ್ಡ್ ಇರಬಹುದು, ಗುಪ್ತ ಕೀ ಇರಬಹುದು. ಸುಮಾರು 5 ಲಕ್ಷ ಸರ್ವರುಗಳು ಇದಕ್ಕೆ ತೆರೆದುಕೊಂಡಿದ್ದವು. ದೋಷ ಇದ್ದ ವರ್ಷನ್ ಬಿಡುಗಡೆಯಾದದ್ದು 2012ರ ಮಾರ್ಚ್‌ನಲ್ಲಿ. ಅಂದರೆ ಎರಡು ವರ್ಷ ಅದು ಎಲ್ಲರ ಕಣ್ಣೆದುರೇ ಇತ್ತು. ಕೋಡ್ ಓಪನ್ ಆಗಿತ್ತು, ಯಾರು ಬೇಕಾದರೂ ಓದಬಹುದಿತ್ತು. ಓದುವುದಕ್ಕೆ ಯಾರಿಗೂ ಸಂಬಳ ಇರಲಿಲ್ಲ.

ಆಗ ಓಪನ್ಎಸ್ಎಸ್ಎಲ್‌ಗೆ ವರ್ಷಕ್ಕೆ ಬರುತ್ತಿದ್ದ ದೇಣಿಗೆ ಸುಮಾರು 2,000 ಡಾಲರ್. ಆಗಿನ ಲೆಕ್ಕದಲ್ಲಿ ಒಂದು ಲಕ್ಷದ ಇಪ್ಪತ್ತು ಸಾವಿರ ರೂಪಾಯಿ. ನಮ್ಮಲ್ಲಿ ಒಂದು ವರ್ಷದ ಫೀಸು ಕೂಡ ಇದಕ್ಕಿಂತ ಜಾಸ್ತಿ ಇರುವ ಕಾಲೇಜುಗಳಿವೆ! ಪೂರ್ಣಾವಧಿ ಕೆಲಸ ಮಾಡುತ್ತಿದ್ದವರು ಒಬ್ಬರೇ ಒಬ್ಬರು. ತಂಡದವರ ಹೊಟ್ಟೆಪಾಡು ನಡೆಯುತ್ತಿದ್ದದ್ದು ದೇಣಿಗೆಯಿಂದಲ್ಲ, ಕಂಪನಿಗಳು ಮಾಡಿಸಿಕೊಳ್ಳುತ್ತಿದ್ದ ಕಾಂಟ್ರಾಕ್ಟ್ ಕೆಲಸದಿಂದ. ಇಲ್ಲೇ ಇರೋದು ಗುಟ್ಟು. ನಮಗೆ ಈ ಫೀಚರ್ ಬೇಕು, ಆ ಸರ್ಟಿಫಿಕೇಟ್ ಬೇಕು ಅಂತ ದುಡ್ಡು ಕೊಡುವವರು ಇದ್ದರು. ಕೂತು ಹಳೆಯ ಕೋಡನ್ನು ಒಂದು ಸಲ ನಿಧಾನಕ್ಕೆ ಓದಿ ಅಂತ ದುಡ್ಡು ಕೊಡುವವರು ಇರಲಿಲ್ಲ.

ಸುದ್ದಿ ಹೊರಬಿದ್ದು ಮೂರು ವಾರ ತುಂಬುವ ಮೊದಲೇ ಲಿನಕ್ಸ್ ಫೌಂಡೇಶನ್ ನೇತೃತ್ವದಲ್ಲಿ ಗೂಗಲ್, ಅಮೆಜಾನ್, ಫೇಸ್‌ಬುಕ್, ಮೈಕ್ರೋಸಾಫ್ಟ್, ಇಂಟೆಲ್, ಐಬಿಎಂ ಮೊದಲಾದ ಕಂಪನಿಗಳು ಸೇರಿ ‘ಕೋರ್ ಇನ್‌ಫ್ರಾಸ್ಟ್ರಕ್ಚರ್ ಇನಿಶಿಯೇಟಿವ್’ ಶುರು ಮಾಡಿದವು. ಒಂದೊಂದು ಕಂಪನಿ ವರ್ಷಕ್ಕೆ 1 ಲಕ್ಷ ಡಾಲರಿನಂತೆ ಮೂರು ವರ್ಷ ಕೊಡುವುದು ಅಂತ ಆಯಿತು. ಓಪನ್ಎಸ್ಎಸ್ಎಲ್‌ಗೆ ಇಬ್ಬರು ಪೂರ್ಣಾವಧಿ ಡೆವಲಪರ್‌ಗಳ ಸಂಬಳ ಸಿಕ್ಕಿತು. ಒಳ್ಳೆಯದೇ. ಆದರೆ ಯೋಚಿಸಿ, ಒಂದು ತಿಂಗಳ ಹಿಂದೆಯೂ ಈ ಕಂಪನಿಗಳ ಹತ್ತಿರ ಅಷ್ಟೇ ದುಡ್ಡಿತ್ತು, ಈ ಲೈಬ್ರರಿಯನ್ನು ಅಷ್ಟೇ ನೆಚ್ಚಿಕೊಂಡಿದ್ದವು.

ಪಾಠ ಕಲಿತರಾ? 2021ರ ಡಿಸೆಂಬರಿನಲ್ಲಿ ಜಾವಾ ಲೋಕದ ಲಾಗ್‌ಫೋರ್‌ಜೆ ದೋಷ ಹೊರಬಿತ್ತು. ಜಗತ್ತಿನ ಕಂಪನಿಗಳು ಕ್ರಿಸ್‌ಮಸ್ ರಜೆ ಬಿಟ್ಟು ಪ್ಯಾಚ್ ಹಾಕುತ್ತಾ ಕೂತವು. ಅದನ್ನು ನೋಡಿಕೊಳ್ಳುತ್ತಿದ್ದವರು ಹಗಲು ಬೇರೆ ನೌಕರಿ ಮಾಡಿ ಬಿಡುವಿನಲ್ಲಿ ಇದನ್ನು ಮಾಡುವ ಸ್ವಯಂಸೇವಕರು.

2024ರ ಮಾರ್ಚ್‌ನಲ್ಲಿ ಎಕ್ಸ್‌ಝಡ್ ಪ್ರಕರಣ ನಡೆಯಿತು. ನನ್ನ ಪ್ರಕಾರ ಇದು ಇನ್ನೂ ಭಯ ಹುಟ್ಟಿಸುವಂಥದ್ದು. ಎಕ್ಸ್‌ಝಡ್ ಅಂದರೆ ಫೈಲ್ ಕುಗ್ಗಿಸುವ ಒಂದು ಸಣ್ಣ ಲೈಬ್ರರಿ. ವರ್ಷಗಳಿಂದ ಅದನ್ನು ನೋಡಿಕೊಳ್ಳುತ್ತಿದ್ದವರು ಒಬ್ಬರೇ. ನನ್ನ ಮಾನಸಿಕ ಆರೋಗ್ಯ ಸರಿಯಿಲ್ಲ, ಇದು ಸಂಬಳ ಇಲ್ಲದ ಹವ್ಯಾಸದ ಕೆಲಸ ಅಂತ ಅವರು 2022ರಲ್ಲೇ ಬಹಿರಂಗವಾಗಿ ಹೇಳಿಕೊಂಡಿದ್ದರು. ಅದೇ ಸಮಯದಲ್ಲಿ ಬೇರೆ ಬೇರೆ ಹೆಸರಿನವರು, ಕೆಲಸ ನಿಧಾನ ಆಗ್ತಿದೆ, ಇನ್ನೊಬ್ಬರನ್ನ ಸೇರಿಸಿಕೊಳ್ಳಿ ಅಂತ ಒತ್ತಡ ಹಾಕಿದರು. ‘ಜಿಯಾ ತಾನ್’ ಅನ್ನೋ ಹೆಸರಿನ ಒಬ್ಬ ಸಹಾಯಕ್ಕೆ ಬಂದ. ಎರಡು ವರ್ಷಕ್ಕೂ ಹೆಚ್ಚು ಕಾಲ ಒಳ್ಳೆಯ ಪ್ಯಾಚ್ ಕಳಿಸಿ ನಂಬಿಕೆ ಗಳಿಸಿದ. ಆಮೇಲೆ ಹಿತ್ತಲ ಬಾಗಿಲು ಇಟ್ಟ. ಆ ಬಾಗಿಲು ಹಲವು ಲಿನಕ್ಸ್ ಸರ್ವರುಗಳ ಎಸ್ಎಸ್ಎಚ್ ಒಳಕ್ಕೇ ದಾರಿ ಮಾಡಿಕೊಡುವಂಥದ್ದು.

ಅದು ಹೆಚ್ಚಿನ ಕಡೆಗೆ ಹರಡುವ ಮೊದಲೇ ಸಿಕ್ಕಿಬಿತ್ತು. ಹಿಡಿದವರು ಆಂಡ್ರೆಸ್ ಫ್ರಾಯಿಂಡ್. ಎಸ್ಎಸ್ಎಚ್ ಲಾಗಿನ್ ಅರ್ಧ ಸೆಕೆಂಡ್ ತಡ ಆಗ್ತಿದೆಯಲ್ಲ, ಯಾಕೆ ಅಂತ ಕೆದಕುತ್ತಾ ಹೋದರು. ಅವರು ಪೋಸ್ಟ್‌ಗ್ರೆಸ್ ಮೇಲೆ ಕೆಲಸ ಮಾಡಲು ಮೈಕ್ರೋಸಾಫ್ಟ್‌ನಿಂದ ಸಂಬಳ ಪಡೆಯುವ ಎಂಜಿನಿಯರ್. ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿ. ಸಂಬಳ ಇಲ್ಲದೆ ಒಬ್ಬರೇ ದಣಿದಿದ್ದ ಕಡೆಯಿಂದ ಕಳ್ಳ ಒಳಬಂದ. ಸಂಬಳ ಇದ್ದು, ಅರ್ಧ ಸೆಕೆಂಡಿನ ಹಿಂದೆ ಬೀಳುವಷ್ಟು ಪುರುಸೊತ್ತು ಇದ್ದವರು ಹಿಡಿದರು. ಪ್ಯಾಶನ್ ಇಬ್ಬರಿಗೂ ಇತ್ತು.

ಕೊಟ್ಟವರ ಕೈ ಮೇಲೆ?

"ಹಾಗಾದ್ರೆ ದೊಡ್ಡ ಕಂಪನಿಗಳೇ ಎಲ್ಲ ಕೊಟ್ಟುಬಿಡಲಿ" ಅನ್ನಬಹುದು. ಒಂದೇ ಕೈಯಿಂದ ಬರುವ ದುಡ್ಡಿಗೆ ಅದರದೇ ಅಪಾಯ ಇದೆ. ಫೈರ್‌ಫಾಕ್ಸ್‌ನ ಮೊಜಿಲ್ಲಾ ನೋಡಿ. ಅದರ ಆದಾಯದ ಬಹುಪಾಲು ಬರೋದು ಗೂಗಲ್‌ನಿಂದ, ಸರ್ಚ್ ಪೆಟ್ಟಿಗೆಯಲ್ಲಿ ಗೂಗಲ್ ಇಟ್ಟದ್ದಕ್ಕೆ. 2024ರ ಆಗಸ್ಟ್‌ನಲ್ಲಿ ಅಮೆರಿಕದ ಕೋರ್ಟು ಸರ್ಚ್ ವಿಷಯದಲ್ಲಿ ಗೂಗಲ್‌ನದ್ದು ಅಕ್ರಮ ಏಕಸ್ವಾಮ್ಯ ಅಂತ ತೀರ್ಪು ಕೊಟ್ಟಾಗ, ಇಂಥ ಪಾವತಿ ನಿಂತರೆ ನಮ್ಮ ಗತಿ ಏನು ಅಂತ ಚಿಂತೆಗೆ ಬಿದ್ದದ್ದು ಗೂಗಲ್‌ನ ಪ್ರತಿಸ್ಪರ್ಧಿ ಮೊಜಿಲ್ಲಾ!

ಕನ್ನಡಕ್ಕೆ ನೇರವಾಗಿ ತಟ್ಟುವ ಉದಾಹರಣೆ ಟೆಸರಾಕ್ಟ್. ಸ್ಕ್ಯಾನ್ ಮಾಡಿದ ಪುಟದಿಂದ ಅಕ್ಷರ ಗುರುತಿಸುವ ಈ ಓಪನ್ ಸೋರ್ಸ್ ತಂತ್ರಾಂಶ ಕನ್ನಡವನ್ನೂ ಓದುತ್ತದೆ. ಹಳೆಯ ಕನ್ನಡ ಪುಸ್ತಕ ಡಿಜಿಟಲ್ ಮಾಡಲು ಹೊರಟವರಿಗೆ ಇದು ಗೊತ್ತು. ಹುಟ್ಟಿದ್ದು ಎಚ್‌ಪಿ ಕಂಪನಿಯಲ್ಲಿ, ಓಪನ್ ಸೋರ್ಸ್ ಆದದ್ದು 2005ರಲ್ಲಿ. 2006ರಿಂದ ಗೂಗಲ್ ಬೆಳೆಸಿತು, 2018ರಲ್ಲಿ ಕೈಬಿಟ್ಟಿತು. ಅಲ್ಲಿಂದೀಚೆಗೆ ನೋಡಿಕೊಳ್ತಾ ಇರೋದು ಬೆರಳೆಣಿಕೆಯ ಆಸಕ್ತರು. ಗೂಗಲ್ ತಪ್ಪು ಮಾಡಿತು ಅಂತ ನಾನು ಹೇಳ್ತಿಲ್ಲ. ಹನ್ನೆರಡು ವರ್ಷ ಕೊಟ್ಟದ್ದು ಕಡಿಮೆ ಏನಲ್ಲ. ಆದರೆ ಕಂಪನಿಗೆ ಬೇಕಾದಷ್ಟು ದಿನ ಮಾತ್ರ ಕಂಪನಿಯ ದುಡ್ಡು ಇರತ್ತೆ. ನಮಗೆ ಬೇಕಾದಷ್ಟು ದಿನ ಅಲ್ಲ.

ಸರ್ಕಾರದ ದುಡ್ಡಿಗೂ ದಾರ ಕಟ್ಟಿರತ್ತೆ. ಪೈಥಾನ್ ಪ್ಯಾಕೇಜುಗಳ ಸುರಕ್ಷತೆಗೆ ಅಂತ ಅಮೆರಿಕದ ರಾಷ್ಟ್ರೀಯ ವಿಜ್ಞಾನ ಪ್ರತಿಷ್ಠಾನದಿಂದ 15 ಲಕ್ಷ ಡಾಲರ್ ಅನುದಾನ ಸಿಗುವುದರಲ್ಲಿತ್ತು. ಎಲ್ಲ ಸಮುದಾಯದವರನ್ನೂ ಒಳಗೊಳ್ಳುವಂಥ ಕಾರ್ಯಕ್ರಮಗಳನ್ನು ನಡೆಸಬಾರದು ಅನ್ನೋ ಷರತ್ತು ಅದರ ಜೊತೆಗಿತ್ತು. ಪೈಥಾನ್ ಫೌಂಡೇಶನ್ 2025ರ ಅಕ್ಟೋಬರಿನಲ್ಲಿ ಅರ್ಜಿಯನ್ನೇ ಹಿಂತೆಗೆದುಕೊಂಡಿತು. ಅದರ ವಾರ್ಷಿಕ ಬಜೆಟ್ 50 ಲಕ್ಷ ಡಾಲರ್ ಆಸುಪಾಸು ಅಂತ ನೆನಪಿಟ್ಟುಕೊಂಡರೆ, ಬೇಡ ಅನ್ನೋದು ಎಷ್ಟು ಕಷ್ಟ ಇತ್ತು ಅಂತ ಅರ್ಥ ಆಗತ್ತೆ.

ಹಾಗಂತ ದುಡ್ಡೇ ಮುಟ್ಟಬಾರದು ಅನ್ನೋದು ಉತ್ತರ ಅಲ್ಲ. ಬ್ಲೆಂಡರ್ ಕಥೆ ಬೇರೆ ದಾರಿ ತೋರಿಸತ್ತೆ. ಅದನ್ನು ಮಾಡಿದ್ದ ಕಂಪನಿ ಮುಳುಗಿದಾಗ, 2002ರಲ್ಲಿ ಬಳಕೆದಾರರೇ ಏಳು ವಾರದಲ್ಲಿ 1 ಲಕ್ಷ ಯೂರೋ ಕೂಡಿಸಿ ಕೋಡನ್ನು ಬಿಡಿಸಿಕೊಂಡರು. ಇವತ್ತು ಅದರ ಡೆವಲಪ್‌ಮೆಂಟ್ ಫಂಡ್‌ಗೆ ದೊಡ್ಡ ಕಂಪನಿಗಳೂ ಕೊಡ್ತಾವೆ, ತಿಂಗಳಿಗೆ ಚಿಲ್ಲರೆ ದುಡ್ಡು ಹಾಕುವ ಸಾವಿರಾರು ಕಲಾವಿದರೂ ಕೊಡ್ತಾರೆ. 2019ರಲ್ಲಿ ಎಪಿಕ್ ಗೇಮ್ಸ್ 12 ಲಕ್ಷ ಡಾಲರ್ ಘೋಷಿಸಿತು, ಆದರೂ ಬ್ಲೆಂಡರ್ ಎಪಿಕ್‌ನದ್ದಾಗಲಿಲ್ಲ. 2025ರಲ್ಲಿ ಅತ್ಯುತ್ತಮ ಅನಿಮೇಶನ್ ಚಿತ್ರದ ಆಸ್ಕರ್ ಗೆದ್ದ ‘ಫ್ಲೋ’ ತಯಾರಾದದ್ದು ಇದೇ ಬ್ಲೆಂಡರಿನಲ್ಲಿ. ಕೊಡುವವರು ಹಲವರಿದ್ದು, ತಪ್ಪದೆ ಕೊಡುತ್ತಿದ್ದು, ಒಬ್ಬರು ಬಿಟ್ಟುಹೋದರೂ ನಡೆಯುವ ಹಾಗಿದ್ದರೆ ಪ್ರಾಜೆಕ್ಟ್ ಯಾರ ಜೇಬಿಗೂ ಬೀಳಲ್ಲ.

ಕೆರೆಗೆ ಒಂದು ಪಾಲು

ಈ ಬುದ್ಧಿ ನಮ್ಮ ನಾಡಿಗೆ ಹೊಸದಲ್ಲ. ಗಂಗರ ಕಾಲದ ಶಾಸನಗಳಲ್ಲೇ ‘ಬಿತ್ತುವಟ್ಟ’ ಅನ್ನುವ ಪದ ಸಿಗತ್ತೆ. ಕೆರೆಯ ನೀರು ಉಣ್ಣುವ ಭೂಮಿಯ, ಬೆಳೆಯ ಒಂದು ಪಾಲನ್ನು ಕೆರೆಯ ಕೆಲಸಕ್ಕೇ ಅಂತ ತೆಗೆದಿಡುವುದು. ತೂಬು ನೋಡಿಕೊಳ್ಳುವ ನೀರುಗಂಟಿಗೆ ಸುಗ್ಗಿಯಲ್ಲಿ ಊರಿನ ರೈತರು ಕಾಳು ಅಳೆದು ಕೊಡುವ ಪದ್ಧತಿ ಇತ್ತು. ಅದು ನೀರುಗಂಟಿಗೆ ಹಾಕುವ ಭಿಕ್ಷೆ ಆಗಿರಲಿಲ್ಲ. ಅವನು ಕೈಚಾಚಿ ನಿಲ್ಲಬೇಕಾಗಿರಲಿಲ್ಲ. ಕೆರೆ ಕಟ್ಟಿಸಿದವರ ಹೆಸರು ಕಲ್ಲಿನ ಮೇಲೆ ಬಂತು, ಆದರೆ ಕೆರೆ ಉಳಿದದ್ದು ವರ್ಷ ವರ್ಷ ಹೂಳು ತೆಗೆದವರಿಂದ, ಏರಿ ಕಾದವರಿಂದ. ಆ ಪಾಲು ನಿಂತ ಊರುಗಳಲ್ಲಿ ಕೆರೆಗಳಿಗೆ ಏನಾಯಿತು ಅಂತ ಬಸ್ಸಿನ ಕಿಟಕಿಯಿಂದಲೇ ನೋಡಬಹುದು.

ಓಪನ್ ಸೋರ್ಸ್‌ಗೆ ಕೆರೆ ಕಟ್ಟಿಸುವವರು ಸಿಕ್ಕಿದ್ದಾರೆ, ಹೂಳು ತೆಗೆಯುವ ಪಾಲು ಇನ್ನೂ ಗೊತ್ತಾಗಿಲ್ಲ. ಹೊಸ ಪ್ರಾಜೆಕ್ಟ್ ಬಿಡುಗಡೆ ಮಾಡಿದರೆ ಚಪ್ಪಾಳೆ, ಸ್ಟಾರ್, ಪೇಪರಿನಲ್ಲಿ ಫೋಟೋ. ಹತ್ತು ವರ್ಷದ ಹಳೆಯ ಲೈಬ್ರರಿಯಲ್ಲಿ ಟೆಸ್ಟ್ ಬರೆದವರಿಗೆ ಏನೂ ಇಲ್ಲ.

ಇದಕ್ಕೆ ಒಂದು ಗಟ್ಟಿ ಆಕ್ಷೇಪ ಇದೆ. "ಲೈಸೆನ್ಸ್‌ನಲ್ಲೇ ಪುಕ್ಕಟೆ ಅಂತ ಬರೆದಿದೆ. ಅವರೇ ಕೊಟ್ಟಮೇಲೆ ನಾವ್ಯಾಕೆ ಕೊಡಬೇಕು?" ಕಾನೂನಿನ ಪ್ರಕಾರ ಕೊಡಬೇಕಾಗಿಲ್ಲ, ಸರಿ. ಆದರೆ ಅದೇ ಲೈಸೆನ್ಸಿನ ಕೊನೆಗೆ ದಪ್ಪ ಅಕ್ಷರದಲ್ಲಿ ಇರುವುದನ್ನೂ ಓದಬೇಕು: ಇದನ್ನು ಇದ್ದ ಹಾಗೆ ಕೊಟ್ಟಿದೆ, ಯಾವ ಗ್ಯಾರಂಟಿಯೂ ಇಲ್ಲ. ಅಂದರೆ ಪುಕ್ಕಟೆ ಸಿಕ್ಕಿರೋದು ಕೋಡ್ ಮಾತ್ರ. ನಾಳೆಯೂ ಅದು ಸರಿಯಾಗಿರತ್ತೆ, ತೂತು ಬಿದ್ದರೆ ಯಾರಾದರೂ ಮುಚ್ಚುತ್ತಾರೆ ಅನ್ನೋ ಭರವಸೆ ಪುಕ್ಕಟೆ ಸಿಕ್ಕಿಲ್ಲ. ಬ್ಯಾಂಕು, ಆಸ್ಪತ್ರೆ, ಶೇರು ಮಾರುಕಟ್ಟೆಯ ಆಪ್ ನಡೆಸುವವರಿಗೆ ಬೇಕಾಗಿರೋದು ಆ ಭರವಸೆಯೇ. ಅದಕ್ಕೇ ಬೆಲೆ ಕೊಡಿ ಅಂತ ಕೇಳ್ತಿರೋದು.

ನಮ್ಮ ಊರಿನ ಲೆಕ್ಕ

ಸಾಫ್ಟ್‌ವೇರ್ ರಾಜಧಾನಿ ಅಂತ ಎದೆ ತಟ್ಟಿಕೊಳ್ಳುವ ಬೆಂಗಳೂರು ಓಪನ್ ಸೋರ್ಸ್‌ನಿಂದ ತೆಗೆದುಕೊಂಡಿರೋದು ಬೆಟ್ಟದಷ್ಟು. ವಾಪಸ್ ಕೊಡುವ ವಿಷಯದಲ್ಲಿ ಒಳ್ಳೆಯ ಆರಂಭಗಳೂ ಆಗಿವೆ. ಬೆಂಗಳೂರಿನ ಜೆರೋಧಾ 2024ರ ಅಕ್ಟೋಬರಿನಲ್ಲಿ ‘ಫ್ಲಾಸ್ ಫಂಡ್’ ಘೋಷಿಸಿತು. ಜಗತ್ತಿನ ಯಾವುದೇ ಮೂಲೆಯ ಓಪನ್ ಸೋರ್ಸ್ ಪ್ರಾಜೆಕ್ಟುಗಳಿಗೆ ಒಟ್ಟು ವರ್ಷಕ್ಕೆ 10 ಲಕ್ಷ ಡಾಲರ್, ಒಂದೊಂದಕ್ಕೆ 10 ಸಾವಿರದಿಂದ 1 ಲಕ್ಷ ಡಾಲರ್‌ವರೆಗೆ. ದುಡ್ಡು ಬೇಕಾದವರು ತಮಗೆ ಎಷ್ಟು ಬೇಕು, ಯಾಕೆ ಬೇಕು ಅಂತ ಒಂದು ಸಣ್ಣ ಫೈಲಿನಲ್ಲಿ ಬರೆದು ತಮ್ಮ ಪ್ರಾಜೆಕ್ಟ್ ಜೊತೆ ಇಟ್ಟರೆ ಆಯಿತು. ಜೆರೋಧಾ, ಫ್ರಾಪೆ ಕಂಪನಿಗಳು ಬೆಂಬಲಿಸಿ ಶುರುವಾದ ಫಾಸ್ ಯುನೈಟೆಡ್ ಅನ್ನುವ ಲಾಭರಹಿತ ಸಂಸ್ಥೆ ದೇಶದೊಳಗಿನ ಪ್ರಾಜೆಕ್ಟುಗಳಿಗೆ, ಕಾಲೇಜು ಕ್ಲಬ್ಬುಗಳಿಗೆ ಬೆಂಬಲ ಕೊಡ್ತಾ ಇದೆ. ಇವನ್ನು ಹೊಗಳಬೇಕು. ಆದರೆ ಇಷ್ಟು ದೊಡ್ಡ ಊರಿನಲ್ಲಿ ಇಂಥ ಫಂಡ್ ಹೆಸರು ಹೇಳು ಅಂದರೆ ಬೆರಳು ಮಡಿಚುವುದಕ್ಕೆ ಮುಂಚೆಯೇ ಪಟ್ಟಿ ಮುಗಿಯತ್ತೆ. ಬೇಸರ ಅದು.

ಇನ್ನೊಂದು ಅಡ್ಡಿ ಅಂದರೆ ದುಡ್ಡನ್ನು ಯಾವ ಖಾತೆಯಲ್ಲಿ ಬರೆಯುತ್ತಾರೆ ಅನ್ನೋದು. ನಮ್ಮ ದೊಡ್ಡ ಕಂಪನಿಗಳು ಲಾಭದ ಶೇ. 2ರಷ್ಟನ್ನು ಸಾಮಾಜಿಕ ಹೊಣೆಗಾರಿಕೆಗೆ ಖರ್ಚು ಮಾಡಬೇಕು ಅಂತ ಕಾನೂನು ಇದೆ. ಓಪನ್ ಸೋರ್ಸ್ ವಿಷಯ ಎತ್ತಿದ ಕೂಡಲೇ ಮಾತು ಆ ಕಡೆಗೆ ತಿರುಗತ್ತೆ. ಅದು ತಪ್ಪು ಜಾಗ ಅಂತ ನನ್ನ ಭಾವನೆ. ಶಾಲೆಗೆ ಬೆಂಚು, ಹಳ್ಳಿಗೆ ನೀರಿನ ಟ್ಯಾಂಕ್ ಇವುಗಳ ಜೊತೆ ಡೇಟಾಬೇಸ್ ಮೇಂಟೇನರ್ ಪೈಪೋಟಿ ಮಾಡಬಾರದು, ಮಾಡಿದರೆ ಗೆಲ್ಲಲೂಬಾರದು. ಅದು ಸೇರಬೇಕಾದ್ದು ಕ್ಲೌಡ್ ಬಿಲ್, ಲ್ಯಾಪ್‌ಟಾಪ್ ಖರೀದಿ ಇರುವ ಐಟಿ ಖರ್ಚಿನ ಪಟ್ಟಿಗೆ.

ಕನ್ನಡದ ಕೆಲಸಗಳಿಗೆ ಇದು ಇನ್ನೂ ಮುಖ್ಯ. ಅಲರ್ ನಿಘಂಟು ನಾವೆಲ್ಲ ಬಳಸುತ್ತೇವೆ. ಅದರ ಒಂದೂವರೆ ಲಕ್ಷದಷ್ಟು ಪದಗಳನ್ನು ವಿ. ಕೃಷ್ಣ ಅವರು ದಶಕಗಳ ಕಾಲ ಒಬ್ಬರೇ ಕೂಡಿಸಿ, 2019ರಲ್ಲಿ ಮುಕ್ತ ಲೈಸೆನ್ಸಿನಲ್ಲಿ ಎಲ್ಲರಿಗೂ ಬಿಟ್ಟುಕೊಟ್ಟರು. ಕನ್ನಡದ ಸ್ಪೆಲ್‌ಚೆಕ್, ಫಾಂಟು, ಕೀಬೋರ್ಡ್ ಹೀಗೆ ಎಷ್ಟೋ ಕೆಲಸ ನಿಂತಿರೋದು ಇಂಥ ಒಬ್ಬರು, ಇಬ್ಬರ ಬೆನ್ನಿನ ಮೇಲೆ. ಒತ್ತಕ್ಷರ ಸರಿಯಾಗಿ ಮೂಡುವುದು ಗೂಗಲ್‌ಗೆ ಬೇಕಿತ್ತು, ಹಾಗಾಗಿ ಆಯಿತು. ಗೂಗಲ್‌ಗೆ ಬೇಡದೆ ಕನ್ನಡಕ್ಕೆ ಮಾತ್ರ ಬೇಕಾದದ್ದನ್ನು ಯಾರು ನೋಡಿಕೊಳ್ತಾರೆ?

ವಿದ್ಯಾರ್ಥಿಗಳು ಏನು ಮಾಡಬಹುದು

ನಮ್ಮ ಜೇಬಿನಲ್ಲಿ ದುಡ್ಡಿಲ್ಲ, ಸರಿ. ಹಾಗಾದರೆ ಕೋಡ್ ಕೊಡೋಣ ಅಂತ ಹೊರಡುವ ಮೊದಲು 2020ರ ಹ್ಯಾಕ್ಟೋಬರ್‌ಫೆಸ್ಟ್ ನೆನಪಿರಲಿ. ನಾಲ್ಕು ಪುಲ್ ರಿಕ್ವೆಸ್ಟ್ ಕಳಿಸಿದರೆ ಟೀಶರ್ಟ್ ಅಂತ ಇದ್ದದ್ದಕ್ಕೆ, ರೀಡ್‌ಮಿಯಲ್ಲಿ ಒಂದು ಪದ ಸೇರಿಸಿದ ಕಸದ ರಿಕ್ವೆಸ್ಟುಗಳು ಜಗತ್ತಿನ ಮೇಂಟೇನರ್‌ಗಳ ಮೇಲೆ ಮಳೆಯಂತೆ ಸುರಿದವು. ಕೊನೆಗೆ, ಒಪ್ಪಿಗೆ ಕೊಟ್ಟ ಪ್ರಾಜೆಕ್ಟುಗಳಿಗೆ ಮಾತ್ರ ಅಂತ ನಿಯಮವನ್ನೇ ಬದಲಿಸಬೇಕಾಯಿತು. ಸಂಬಳ ಇಲ್ಲದವರ ಸಮಯ ತಿನ್ನೋದು ಕೊಡುಗೆ ಅಲ್ಲ.

ನಾವು ಮಾಡಬಹುದಾದ್ದು ಮೂರಿದೆ. ಮೊದಲನೆಯದು, ಲೆಕ್ಕ ಇಡೋದು. ಪ್ರಾಜೆಕ್ಟ್ ರಿಪೋರ್ಟಿನಲ್ಲಿ ಪ್ರಿನ್ಸಿಪಾಲರಿಗೆ, ಎಚ್‌ಒಡಿಗೆ, ಗೈಡ್‌ಗೆ, ಅಪ್ಪ ಅಮ್ಮನಿಗೆ ಧನ್ಯವಾದ ಹೇಳುವ ಪುಟ ಇರತ್ತೆ. ಅದರ ಮುಂದೆ ಇನ್ನೊಂದು ಪುಟ ಸೇರಿಸಿ: ನಾವು ಬಳಸಿದ ಲೈಬ್ರರಿಗಳು ಇವು, ನೋಡಿಕೊಳ್ಳುವವರು ಇಷ್ಟು ಜನ, ಅವರಿಗೆ ದುಡ್ಡು ಬರೋದು ಇಲ್ಲಿಂದ. ನೋಡ್ ಜೆಎಸ್ ಬಳಸುವವರಿಗೆ ಇದು ಸುಲಭ. ಟರ್ಮಿನಲ್‌ನಲ್ಲಿ ‘ಎನ್‌ಪಿಎಂ ಫಂಡ್’ ಅಂತ ಕೊಟ್ಟರೆ ನಿಮ್ಮ ಪ್ರಾಜೆಕ್ಟಿನ ಯಾವ ಯಾವ ಪ್ಯಾಕೇಜು ದುಡ್ಡು ಕೇಳ್ತಾ ಇದೆ ಅನ್ನೋ ಪಟ್ಟಿಯೇ ಬರತ್ತೆ. ಒಂದು ಸಲ ಓಡಿಸಿ ನೋಡಿ. ಅಷ್ಟೊಂದು ಜನ ಬೇಡುತ್ತಿದ್ದಾರೆ ಅಂತ ನಿಮಗೆ ಅಂದಾಜೂ ಇರಲ್ಲ.

ಎರಡನೆಯದು, ಕಾಲೇಜಿನಲ್ಲಿ ಕೇಳೋದು. ದುಡ್ಡು ಕೊಟ್ಟು ತರಬೇಕಾಗಿದ್ದ ಲೈಸೆನ್ಸ್ ಬದಲು ಓಪನ್ ಸೋರ್ಸ್ ಬಳಸಿ ಡಿಪಾರ್ಟ್‌ಮೆಂಟು ಎಷ್ಟು ಉಳಿಸಿತು? ಉಳಿಸಿದ್ದರಲ್ಲಿ ಒಂದು ಸಣ್ಣ ಪಾಲು ಪ್ರತಿ ವರ್ಷ ವಾಪಸ್ ಹೋಗಲಿ. ಹೊರದೇಶಕ್ಕೆ ಹಣ ಕಳಿಸೋದು ಕಾಗದಪತ್ರದ ತಲೆನೋವು ಅಂದರೆ, ಇಲ್ಲೇ ನಮ್ಮ ಸುತ್ತ ಕನ್ನಡದ ಫಾಂಟು, ನಿಘಂಟು ನೋಡಿಕೊಳ್ಳುವವರಿಗೆ ಹೋಗಲಿ. ಟೆಕ್ ಫೆಸ್ಟಿನ ಸ್ಟೇಜ್ ಹೂವಿಗೆ ಆಗುವ ಖರ್ಚಾದರೂ ಸಾಕು, ಆದರೆ ವರ್ಷ ತಪ್ಪಬಾರದು.

ಮೂರನೆಯದೇ ನಿಜವಾಗಿ ದೊಡ್ಡದು. ಇನ್ನೊಂದೆರಡು ವರ್ಷದಲ್ಲಿ ನಮ್ಮಲ್ಲಿ ಹೆಚ್ಚಿನವರು ಯಾವುದೋ ಕಂಪನಿಯ ಐಡಿ ಕಾರ್ಡ್ ಕೊರಳಿಗೆ ಹಾಕಿಕೊಂಡಿರುತ್ತೇವೆ. ಅಲ್ಲಿ ಮ್ಯಾನೇಜರ್ ಹತ್ತಿರ ಹೋಗಿ ದಾನ ಮಾಡಿ ಸಾರ್ ಅಂದರೆ ನಕ್ಕು ಕಳಿಸ್ತಾರೆ. ಹಾಗೆ ಕೇಳಬೇಡಿ. "ಸಾರ್, ನಮ್ಮ ಪ್ರಾಡಕ್ಟ್ ಈ ಲೈಬ್ರರಿ ಮೇಲೆ ನಿಂತಿದೆ. ನೋಡಿಕೊಳ್ಳೋರು ಒಬ್ಬರೇ. ಅವರು ಬಿಟ್ಟುಹೋದರೆ ನಮಗೆ ಎಷ್ಟು ದಿನದ ಕೆಲಸ ಬೀಳತ್ತೆ, ಎಷ್ಟು ಖರ್ಚಾಗತ್ತೆ ಅಂತ ಲೆಕ್ಕ ಮಾಡಿದ್ದೀನಿ" ಅಂತ ಒಂದು ಪುಟ ಮುಂದಿಡಿ. ಓಪನ್ಎಸ್ಎಸ್ಎಲ್ ಬಳಸುತ್ತಿದ್ದ ಕಂಪನಿಗಳಲ್ಲಿ 2013ರಲ್ಲಿ ಯಾರಾದರೂ ಈ ಪುಟ ಬರೆದು, ಯಾರಾದರೂ ಅದನ್ನು ಓದಿದ್ದರೆ, ಖರ್ಚು ಬಹಳ ಕಡಿಮೆಯಲ್ಲಿ ಮುಗಿಯುತ್ತಿತ್ತು.